ಮೆಟ್ಟಿಲ ತಿರುವಿನ ಕಿಟಕಿ

“ಮೊಳೆ ಹೊಡೆದಿಲ್ಲ. ಬಣ್ಣ ಹಿಡ್ಕೊಂಡಿದೆ, ಅಷ್ಟೇ.”

ಈ ಮಾತು ಆಡಿದ್ದು ನಾನೇ ಎಂದು ತಿಳಿಯಲು ನನಗೇ ಒಂದು ಕ್ಷಣ ಬೇಕಾಯಿತು. ಮೆಟ್ಟಿಲ ಮೇಲೆ ನಿಂತಿದ್ದ ಹದಿನೈದು ಜನ ಒಟ್ಟಿಗೆ ತಿರುಗಿ ನೋಡಿದರು. ಎಲ್ಲರಿಗಿಂತ ಮೇಲೆ, ತನ್ನ ಅತ್ತೆಯ ಬ್ಯಾಂಡ್ ಕೋಲನ್ನು ಹಿಡಿದು ಕಥೆ ಹೇಳುತ್ತಿದ್ದ ಸೆತ್ ಬ್ಯಾರಕ್ಲಫ್ ಆ ಕೋಲನ್ನು ಗಾಳಿಯಲ್ಲೇ ನಿಲ್ಲಿಸಿದ.

ವರ್ಷಕ್ಕೊಮ್ಮೆ, ಸೆಪ್ಟೆಂಬರಿನಲ್ಲಿ, ನಮ್ಮ ಸ್ಕಾರ್‌ಬ್ರಿಜ್‌ನ ಹಳೆಯ ಮನೆಗಳು ಊರವರಿಗೆ ಬಾಗಿಲು ತೆರೆಯುತ್ತವೆ. ಆ ಭಾನುವಾರ ಗುಡ್ಡದ ಮೇಲಿನ ರೂಕ್ ಬ್ಯಾಂಕ್ ಮನೆಯ ಸರದಿ. ಆರು ವರ್ಷಗಳಿಂದ ನಾನು ಆ ಮನೆಯನ್ನು ರಸ್ತೆಯಿಂದ ನೋಡುತ್ತಿದ್ದೆ. ಮೂವತ್ತೊಂದು ಕಿಟಕಿಗಳು. ಒಂದನ್ನಾದರೂ ಹತ್ತಿರದಿಂದ ನೋಡುವ ಆಸೆಗೆ ಟಿಕೆಟ್ ತೆಗೆದುಕೊಂಡು ಎಲ್ಲರ ಹಿಂದೆ ನಿಂತಿದ್ದೆ. ಹಿಂದೆ ನಿಲ್ಲುವುದು ನನಗೆ ಚೆನ್ನಾಗಿ ಬರುತ್ತದೆ.

ಸೆತ್ ಹೇಳುತ್ತಿದ್ದದ್ದು ಅವನ ಮುತ್ತಜ್ಜನ ಅಕ್ಕ ಕ್ಲಾರಾಳ ಕಥೆ. ಸಾವಿರದ ಎಂಟುನೂರ ತೊಂಬತ್ತೊಂಬತ್ತರಲ್ಲಿ ಈ ತಿರುವಿನ ಕಿಟಕಿಯಿಂದ ಏಣಿ ಇಳಿದು, ಅಪ್ಪನ ಬಣ್ಣದ ಕಾರ್ಖಾನೆಯ ಕೆಲಸಗಾರನೊಬ್ಬನ ಜೊತೆ ಓಡಿಹೋದಳಂತೆ. ಅಪ್ಪ ಈನಕ್ ಬ್ಯಾರಕ್ಲಫ್ ಆ ದಿನವೇ ಕಿಟಕಿಗೆ ಮೊಳೆ ಹೊಡೆಸಿದನಂತೆ. ಅಂದಿನಿಂದ ಅದು ತೆರೆದಿಲ್ಲವಂತೆ. ಕೇಳುತ್ತಿದ್ದ ಹೆಂಗಸರು ಅಯ್ಯೋ ಪಾಪ ಎನ್ನುತ್ತಿದ್ದರು. ಅಷ್ಟರಲ್ಲಿ ನನ್ನ ಬಾಯಿ ಜಾರಿತ್ತು.

“ಯಾರದು ಹೇಳಿದ್ದು?” ಎಂದ ಸೆತ್. ಸಿಟ್ಟಿರಲಿಲ್ಲ. ಕಣ್ಣಿನ ಅಂಚಿನಲ್ಲಿ ನಗು ಹೊರಡಲೋ ಬೇಡವೋ ಎಂದು ಕಾಯುತ್ತಿತ್ತು.

ಓಡಿಹೋಗಬಹುದಿತ್ತು. ಆದರೆ ಕಿಟಕಿಯ ವಿಷಯದಲ್ಲಿ ನನಗೆ ಹೆದರಿಕೆಯಿಲ್ಲ. “ಮೊಳೆ ಇದ್ರೆ ಬಣ್ಣದ ಕೆಳಗೂ ತಲೆ ಉಬ್ಬಿರುತ್ತೆ. ಇಲ್ಲಿ ಎಲ್ಲೂ ಇಲ್ಲ,” ಎಂದೆ.

“ನೂರಿಪ್ಪತ್ತು ವರ್ಷದ ಪ್ರೇಮಾನ ಒಂದು ಡಬ್ಬಿ ಬಣ್ಣಕ್ಕೆ ಇಳಿಸಿಬಿಟ್ರಲ್ಲ ನೀವು.”

“ಒಂದು ಡಬ್ಬಿ ಸಾಲಲ್ಲ. ಹನ್ನೊಂದು ಸಲ ಬಳಿದಿದ್ದಾರೆ.”

ಜನ ನಕ್ಕರು. ಅವನೂ ನಕ್ಕ. ನನ್ನ ಕಿವಿ ಬಿಸಿಯಾಯಿತು. ಅವನು ನನ್ನನ್ನು ಗುರುತಿಸಿದ್ದ. ನಾನೂ ಅವನನ್ನು ಬಲ್ಲೆ. ಅವನು ಏಳನೇ ನಂಬರ್ ಬಸ್ಸಿನ ಡ್ರೈವರ್. ಬೆಳಿಗ್ಗೆ ಏಳು ಇಪ್ಪತ್ತಕ್ಕೆ ಉಪಕರಣದ ಚೀಲ ಹೊತ್ತು ಹತ್ತಿ, ಎಡಗಡೆಯ ಮೂರನೇ ಸೀಟಿನಲ್ಲಿ ಕೂರುವವಳು ನಾನು.

ನಮ್ಮ ಕಣಿವೆಯಲ್ಲಿ ಬಸ್ಸಿನವರು ಹತ್ತಿದವರನ್ನೆಲ್ಲ ‘ಚಿನ್ನ’ ಎಂದೇ ಕರೆಯುವುದು. ತೊಂಬತ್ತರ ಮುದುಕಿಯೂ ಚಿನ್ನ, ಅಂಚೆಯವನೂ ಚಿನ್ನ, ಒದ್ದೆ ನಾಯಿ ಹಿಡಿದುಕೊಂಡು ಬಂದವನೂ ಚಿನ್ನ. ಸೆತ್ ಎಲ್ಲರಿಗೂ ಹಾಗೆನ್ನುತ್ತಿದ್ದ. ನನಗೆ ಮಾತ್ರ ಒಂದು ದಿನವೂ ಅನ್ನಲಿಲ್ಲ. ತಲೆಯಾಡಿಸಿ ಚೀಟಿ ಕೊಡುತ್ತಿದ್ದ, ಅಷ್ಟೇ. ನನ್ನನ್ನು ಕಂಡರೆ ಇವನಿಗಾಗುವುದಿಲ್ಲ ಎಂದು ಎರಡು ವರ್ಷಗಳಿಂದ ನಂಬಿದ್ದೆ. ಆದರೂ ಮೂರನೇ ಸೀಟನ್ನು ಬಿಟ್ಟಿರಲಿಲ್ಲ. ಅಲ್ಲಿಂದ ಕನ್ನಡಿಯಲ್ಲಿ ಅವನ ಹುಬ್ಬು ಕಾಣುತ್ತಿತ್ತು.

“ಬಿಚ್ಚೋಕಾಗುತ್ತಾ ಅದನ್ನ?”

ಮೇಲಿನ ಮಹಡಿಯಿಂದ ಬಂದ ದನಿ ಸೆತ್‌ನ ಅತ್ತೆ ಮೇವಿಸ್ ಬ್ಯಾರಕ್ಲಫ್‌ದು. ಮನೆ ಅವರದು. ಊರಿನ ಬ್ಯಾಂಡಿನಲ್ಲಿ ನಲವತ್ತು ವರ್ಷ ಕಾರ್ನೆಟ್ ಎಂಬ ತುತ್ತೂರಿ ಊದಿ, ಈಗ ಅದೇ ಬ್ಯಾಂಡನ್ನು ಕೋಲು ಹಿಡಿದು ಆಳುತ್ತಿದ್ದರು. ಮುಂದಿನ ಕೋಣೆಯಲ್ಲಿ ವಾರಕ್ಕೆ ಇಪ್ಪತ್ತು ಮಕ್ಕಳಿಗೆ ಪಾಠ. ಕೈಬೆರಳ ಗೆಣ್ಣುಗಳು ಮಾತ್ರ ಊದಿಕೊಂಡು ಬಿಗಿಯಾಗಿದ್ದವು.

ಬಿಚ್ಚಬಹುದು ಎಂದೆ.

ಅವರು ಇಳಿದು ಬಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಾನು ವಿಲ್ಫ್‌ನ ತಂಗಿಯ ಮಗಳು ಐವಿ ಓಲ್ಡ್‌ರಾಯ್ಡ್, ಹದಿನಾರಕ್ಕೆ ಶಾಲೆ ಬಿಟ್ಟು ಮಾಮನ ಜೊತೆ ಮೇಲೆ ಕೆಳಗೆ ಸರಿಯುವ ಜಾರುಕಿಟಕಿಯ ಕೆಲಸಕ್ಕೆ ಸೇರಿದವಳು, ಮಾಮ ಭುಜದ ಆಪರೇಷನ್ ಆಗಿ ಮನೆಯಲ್ಲಿದ್ದಾನೆ ಎಂಬುದನ್ನೆಲ್ಲ ಐದೇ ಪ್ರಶ್ನೆಯಲ್ಲಿ ಹೊರತೆಗೆದರು. ಆಮೇಲೆ ತಮ್ಮ ಕಥೆ ಹೇಳಿದರು. ಮೂವತ್ತೊಂದು ಕಿಟಕಿಯಲ್ಲಿ ಇಪ್ಪತ್ತೆರಡು ತೆರೆಯುವುದಿಲ್ಲ. ತೆರೆಯುವ ಒಂಬತ್ತು ಮುಚ್ಚುವುದಿಲ್ಲ. ಚಳಿಗಾಲದಲ್ಲಿ ಮಕ್ಕಳ ತುಟಿ ಕಾರ್ನೆಟ್ಟಿಗೆ ಅಂಟಿಕೊಳ್ಳುತ್ತದೆ. ಬರುವ ಶನಿವಾರ ಪ್ಲಾಸ್ಟಿಕ್ ಕಿಟಕಿಯವನು ಅಳತೆಗೆ ಬರುತ್ತಾನೆ. ಹಳೆಯವೆಲ್ಲ ಕಸದ ತೊಟ್ಟಿಗೆ.

ಸೆತ್ ನೆಲ ನೋಡುತ್ತಿದ್ದ. ಈ ಮಾತು ಅವರಿಬ್ಬರ ನಡುವೆ ಮೊದಲ ಸಲದ್ದಲ್ಲ ಎಂದು ತಿಳಿಯಿತು.

“ಶನಿವಾರದ ತನಕ ಟೈಮ್ ಕೊಡಿ,” ಎಂದೆ. “ಈ ಒಂದು ಕಿಟಕಿ ಸರಿ ಮಾಡ್ತೀನಿ. ನೋಡಿ ಆಮೇಲೆ ತೀರ್ಮಾನ ಮಾಡಿ.”

ಮೇವಿಸ್ ತಮ್ಮ ಬಲಗೈಯ ತೋರುಬೆರಳನ್ನು ನನ್ನ ಮೂಗಿನ ಮುಂದೆ ಹಿಡಿದರು. ಅದು ಪೂರ್ತಿ ನೇರವಾಗುತ್ತಿರಲಿಲ್ಲ. “ಈ ಒಂದು ಬೆರಳಲ್ಲಿ ಎತ್ತೋ ಹಾಗಿರ್ಬೇಕು. ಮುಚ್ಚಿದ್ಮೇಲೆ ಮುಂದೆ ಮೋಂಬತ್ತಿ ಹಿಡಿದ್ರೆ ಅಲ್ಲಾಡಬಾರ್ದು. ಆದ್ರೆ ಮೂವತ್ತೊಂದೂ ನಿಂದು, ಹುಡುಗಿ. ಆಗ್ಲಿಲ್ವೋ, ಮೂವತ್ತೊಂದೂ ತೊಟ್ಟಿಗೆ.”

ಒಪ್ಪಿದೆ. ಒಬ್ಬಳೇ ಹಿಡಿದ ಮೊದಲ ಕೆಲಸ ಅದು.

*

ಸೋಮವಾರ ಅಂಚಿನ ಪಟ್ಟಿಗಳನ್ನು ಕಳಚಿದೆ. ಮಂಗಳವಾರ ತೆಳು ಚಾಕುವಿನಿಂದ ಬಣ್ಣದ ಗೆರೆ ಕೊಯ್ದು, ಮೇಲಿನ, ಕೆಳಗಿನ ಎರಡೂ ಕದಗಳನ್ನು ಚೌಕಟ್ಟಿನಿಂದ ಇಳಿಸಿದೆ. ಕೆಂಪು, ನೀಲಿ ಗಾಜಿನ ಅಂಚುಳ್ಳ ದೊಡ್ಡ ಕದಗಳು. ನಾಲ್ಕು ಮೂಲೆಗೆ ನಾಲ್ಕು ನಕ್ಷತ್ರ. ಈನಕ್ ತನ್ನ ಕಾರ್ಖಾನೆಯ ಬಣ್ಣಗಳನ್ನೇ ಗಾಜಿನಲ್ಲಿ ಹಾಕಿಸಿದ ಎಂದು ಸೆತ್ ಮನೆ ನೋಡಲು ಬಂದವರಿಗೆ ಹೇಳುತ್ತಿದ್ದ. ಈ ಸಾಲಿನ ಹನ್ನೆರಡು ಮನೆಗೂ ಇವೇ ನಕ್ಷತ್ರ, ಗಾಜಿನಂಗಡಿಯ ಒಂದೇ ಪಟ್ಟಿಪುಸ್ತಕ ನೋಡಿ ತರಿಸಿದ್ದು ಎಂದು ನಾನು ಹೇಳಿದೆ.

“ನಿಮ್ಮನ್ನ ಮುಂದಿನ ವರ್ಷ ಒಳಗೆ ಬಿಡಲ್ಲ,” ಎಂದ.

ಅವನ ಪಾಳಿ ಮಧ್ಯಾಹ್ನ ಎರಡಕ್ಕೆ ಮುಗಿಯುತ್ತಿತ್ತು. ಎರಡೂವರೆಗೆ ಯೂನಿಫಾರ್ಮಿನ ಟೈ ಜೇಬಿಗೆ ತುರುಕಿಕೊಂಡು ಬಂದು, ಮೆಟ್ಟಿಲ ಮೇಲೆ ಕೂತು, ಏನಾದರೂ ಹಿಡಿದುಕೊಳ್ಳಲಾ ಎಂದು ಕೇಳುತ್ತಿದ್ದ. ಮೊದಲ ದಿನ ಬೇಡ ಎಂದೆ. ಎರಡನೇ ದಿನ ಬಕೆಟ್ ಕೊಟ್ಟೆ. ಮೂರನೇ ದಿನ ಅವನಿಗಾಗಿಯೇ ಒಂದು ಕೆಲಸ ಉಳಿಸಿಟ್ಟಿದ್ದೆ.

ಮಾತಿಗೆ ಮನೆಯೇ ಸಿಕ್ಕಿತು. ಅವನಿಗೆ ಗೊತ್ತಿದ್ದದ್ದು ಮನೆಯವರ ಕಥೆ. ನನಗೆ ಗೊತ್ತಿದ್ದದ್ದು ಮರ, ಗಾರೆ. ಈ ತಿರುವಿನ ತನಕ ಬದಿಯ ಕಟಾಂಜನದಲ್ಲಿ ಒಂದೊಂದು ಮೆಟ್ಟಿಲಿಗೆ ಮೂರು ಕಂಬಿ, ಮೇಲಕ್ಕೆ ಎರಡೇ, ಅತಿಥಿಗಳ ಕಣ್ಣು ಇಲ್ಲಿಯವರೆಗೇ ಬರುವುದು ಎಂದು ತೋರಿಸಿದೆ. ಅವನು ಹುಟ್ಟಿದಾಗಿನಿಂದ ಹತ್ತಿಳಿದ ಮೆಟ್ಟಿಲು ಅದು. ಕೂತು ಎಣಿಸಿದ. ಮತ್ತೆ ಎಣಿಸಿದ. ಮುಂದಿನ ಕೋಣೆಯ ಸೂರಿನಲ್ಲಿ ಬಂಡಿಚಕ್ರದಷ್ಟು ಗಾರೆಯ ಹೂವಿದೆ, ಮೇಲಿನ ಮಲಗುವ ಕೋಣೆಯಲ್ಲಿ ತಟ್ಟೆಯಷ್ಟು, ಅಟ್ಟದಲ್ಲಿ ಆಳುಗಳ ಕೋಣೆಗೆ ಅದೂ ಇಲ್ಲ ಎಂದೆ. ಮುಂಬಾಗಿಲ ಕಡೆಯ ಗಾಜು ಒಂದೇ ಹಾಳೆ, ಹಿಂಗಡೆ ತುಂಡು ತುಂಡು.

“ಒಟ್ಟಿನಲ್ಲಿ ನಮ್ಮ ಈನಕ್ ಅಜ್ಜ ಶೋಕಿಗಾರ ಅಂತೀರಾ.”

“ಎಲ್ಲಿ ಉಳಿಸ್ಬೇಕು ಅಂತ ಗೊತ್ತಿತ್ತು ಅಂದೆ.”

ಅವನು ತಲೆಯೆತ್ತಿ ನೋಡಿದ. ಕೆಂಪು ಗಾಜು ಬಿಸಿಲಿಗೆ ಒರಗಿತ್ತು. ಅವನ ಒಂದು ಕೆನ್ನೆ ಕೆಂಪಾಗಿ, ಕಿವಿಯ ಹತ್ತಿರ ಒಂದು ನೀಲಿ ಚುಕ್ಕೆ ಬಿದ್ದಿತ್ತು. ನಾನು ನೋಡುತ್ತಿದ್ದೇನೆಂದು ಅವನಿಗೆ ಗೊತ್ತಾಯಿತು. ಅಲ್ಲಾಡದೆ ಕೂತ. ನಾನು ಉಳಿ ಮಸೆಯಲು ಶುರುಮಾಡಿದೆ. ಅದು ಆಗಲೇ ಚೂಪಾಗಿತ್ತು.

ಬುಧವಾರ ಕಿಟಕಿಯ ಪಕ್ಕದ ಪೆಟ್ಟಿಗೆ ತೆರೆದೆ. ಜಾರುಕಿಟಕಿಯ ಗುಟ್ಟೆಲ್ಲ ಇರುವುದು ಅಲ್ಲಿ. ಎರಡೂ ಬದಿಯ ಟೊಳ್ಳಿನೊಳಗೆ ಸೌತೆಕಾಯಿಯಂಥ ಎರಕದ ತೂಕಗಳು ಹಗ್ಗಕ್ಕೆ ನೇತಾಡುತ್ತವೆ, ಹಗ್ಗ ಮೇಲಿನ ರಾಟೆ ಹಾಯ್ದು ಕದಕ್ಕೆ ಸೇರುತ್ತದೆ. ಕದ ಏರಿದರೆ ತೂಕ ಇಳಿಯುತ್ತದೆ. ಆ ಟೊಳ್ಳಿಗೆ ಕೈ ಹಾಕಲು ಕೆಳಗೆ ಅಂಗೈ ಅಗಲದ ಮರದ ಮುಚ್ಚಳವಿರುತ್ತದೆ. ಹಗ್ಗ ಹಾಕಿದವರು ಅದರ ಒಳಮೈಗೆ ತಮ್ಮ ಹೆಸರು, ತಾರೀಕು ಬರೆದು ಮುಚ್ಚುವುದು ನಮ್ಮ ಕಸುಬಿನ ರೂಢಿ. ಮುಂದೆ ಹಗ್ಗ ಹರಿದಾಗ ತೆರೆಯುವವರು ಓದಲಿ ಎಂದು. ಐವತ್ತು ವರ್ಷಕ್ಕೋ ನೂರು ವರ್ಷಕ್ಕೋ ಒಬ್ಬ ಓದುಗ. ನನಗೆ ಸರಿಹೋಗುವ ಲೆಕ್ಕ.

ಮುಚ್ಚಳ ತಿರುಗಿಸಿದೆ. ಸೀಸದ ಅಕ್ಷರ ನಿನ್ನೆ ಬರೆದಂತಿತ್ತು.

‘೧೮೭೩, ನವೆಂಬರ್. ಜೆ. ಲಂಬ್ ಕೂರಿಸಿದ್ದು. ಕೈ ಮರಗಟ್ಟಿದೆ.’

ಅದರ ಕೆಳಗೆ ಇನ್ನೊಂದು ಕೈಬರಹ. ‘೧೮೯೯, ಜೂನ್. ಟಿ. ಲಂಬ್, ಮೇಲಿನವರ ಮಗ. ಹೊಸ ಹಗ್ಗ. ತೂಕ ಹಿಡಿದವರು ಮಿಸ್ ಕ್ಲಾರಾ.’

ಸೆತ್ ನನ್ನ ಭುಜದ ಮೇಲಿಂದ ಬಾಗಿ ಓದಿದ. ಅವನ ಉಸಿರು ನನ್ನ ಕಿವಿಗೆ ತಾಗುತ್ತಿತ್ತು. ತಾರೀಕಿನ ಮೇಲೆ ಬೆರಳಿಟ್ಟ.

“ಜೂನ್,” ಎಂದ. “ಅವಳು ಮನೆ ಬಿಟ್ಟಿದ್ದು ಆಗಸ್ಟಲ್ಲಿ.”

ಒಂದು ಸಾಲು ಸಾಕ್ಷಿಯಾಗುವುದಿಲ್ಲ ಎಂದೆ. ಯಾರು ಬೇಕಾದರೂ ತೂಕ ಹಿಡಿಯಬಹುದು.

“ಯಜಮಾನನ ಮಗಳು, ರೇಷ್ಮೆ ಬಟ್ಟೆ ಹಾಕ್ಕೊಂಡು, ತುಕ್ಕು ಹಿಡಿದ ಕಬ್ಬಿಣ ಹಿಡ್ಕೊಂಡು ಬಡಗಿ ಪಕ್ಕ ನಿಲ್ತಾಳಾ? ಕಾರ್ಖಾನೆ ಕೆಲಸಗಾರ ಅನ್ನೋದು ಸುಳ್ಳು. ಇವನೇ.”

“ಹಂಗಿದ್ರೆ ಏಣೀನೂ ಸುಳ್ಳು,” ಎಂದೆ. “ಈ ತಿರುವಿಂದ ನೆಲಕ್ಕೆ ಹದಿನೆಂಟು ಅಡಿ. ಕೆಳಗೆ ಬಾಗಿಲಿತ್ತು. ಬಾಗಿಲಿಂದಲೇ ಹೋಗಿರ್ತಾಳೆ.”

“ಬಾಗಿಲಿಂದ.” ಅವನು ಆ ಮಾತನ್ನು ಬಾಯಲ್ಲಿಟ್ಟು ನೋಡಿದ. “ಹಗಲು ಹೊತ್ತಲ್ಲಿ, ಟೋಪಿ ಹಾಕ್ಕೊಂಡು. ಅದು ಇನ್ನೂ ಚೆನ್ನಾಗಿದೆ ಐವಿ.”

‘ನೀವು’ ಹೋಗಿ ‘ಐವಿ’ ಬಂದಿತ್ತು. ಮಾರನೆಯ ದಿನ ‘ನೀನು’ ಬಂತು. ಯಾವಾಗ ಬಂತೆಂದು ಇಬ್ಬರೂ ಕೇಳಿಕೊಳ್ಳಲಿಲ್ಲ. ಗುರುವಾರ ಬೆಳಿಗ್ಗೆ ಬಸ್ಸಿನಲ್ಲಿ ನನ್ನ ಮುಂದಿನ ಮುದುಕಿಗೆ ‘ಹುಷಾರು ಚಿನ್ನ’ ಎಂದ. ನನಗೆ ‘ಐವಿ’ ಎಂದ. ನಾನು ಮೂರನೇ ಸೀಟಿನಲ್ಲಿ ಕೂತು, ಯಾವುದು ದೊಡ್ಡದು ಎಂದು ಗುಡ್ಡ ಹತ್ತುವ ತನಕ ಯೋಚಿಸಿದೆ.

*

ತೂಕದ ಕೆಲಸ ನಾಜೂಕಿನದು. ಹನ್ನೊಂದು ಪದರ ಬಣ್ಣ ಕೆರೆದ ಮೇಲೆ ಕದ ಹಗುರಾಗಿರುತ್ತದೆ. ಹಳೆಯ ತೂಕ ಹಾಗೇ ಹಾಕಿದರೆ ಕೆಟ್ಟಿತು. ಎರಡೂ ಕದಗಳನ್ನು ತಕ್ಕಡಿಗೆ ಹಾಕಿ, ತೂಕಗಳ ತುದಿ ಕೊಯ್ದು, ಹೊಂದಿಸಿದೆ. ವಿಲ್ಫ್ ಮಾಮ ಹೇಳುವುದು ಹೀಗೆ. ಮೇಲಿನ ಕದದ ತೂಕ ಕದಕ್ಕಿಂತ ಒಂದು ಪೌಂಡ್ ಹೆಚ್ಚಿರಬೇಕು, ಅದಕ್ಕೆ ಮೇಲಕ್ಕೆ ಹೋಗುವ ಆಸೆ ಇರಬೇಕು. ಕೆಳಗಿನದಕ್ಕೆ ಒಂದು ಪೌಂಡ್ ಕಡಿಮೆ, ಅದಕ್ಕೆ ಕೆಳಗೇ ಕೂರುವ ಆಸೆ ಇರಬೇಕು. ಆಗಲೇ ನಡುವಿನ ಎರಡು ಅಡ್ಡಪಟ್ಟಿ ಒಂದಕ್ಕೊಂದು ಸರಿಯಾಗಿ ಕೂಡುವುದು, ಗಾಳಿ ನುಸುಳದಂತೆ.

ನಾಲ್ಕು ತೂಕದ ಮೇಲೂ ಸೀಮೆಸುಣ್ಣದಲ್ಲಿ ‘ಮೇಲೆ’, ‘ಕೆಳಗೆ’ ಎಂದು ಬರೆದು, ಗುರುವಾರ ಸಂಜೆ ಅಲ್ಲೇ ಸಾಲಾಗಿಟ್ಟು ಮನೆಗೆ ಹೋದೆ.

ಶುಕ್ರವಾರ ಬಂದಾಗ ನಾಲ್ಕೂ ಫಳಫಳ ಹೊಳೆಯುತ್ತಿದ್ದವು. ಸೆತ್ ತುಕ್ಕು ಉಜ್ಜಿ, ಕಪ್ಪು ಬಣ್ಣ ಹೊಡೆದಿಟ್ಟಿದ್ದ. ಪೆಟ್ಟಿಗೆಯೊಳಗೆ ಹೋಗುವ, ಯಾರೂ ಎಂದೂ ಕಾಣದ ಕಬ್ಬಿಣಕ್ಕೆ ಇಷ್ಟೊಂದು ಶೃಂಗಾರ. ಹಗ್ಗಕ್ಕೆ ತುಕ್ಕು ತಾಗದಿರಲಿ ಅಂತ ಮಾಡಿದೆ ಎಂದ, ನನ್ನ ಕಡೆ ನೋಡದೆ. ಕಪ್ಪಿನ ಮೇಲೆ ಸೀಮೆಸುಣ್ಣದ ಅಕ್ಷರಗಳು ದಪ್ಪಗೆ, ಹೊಸದಾಗಿ ಕಾಣುತ್ತಿದ್ದವು. ನನ್ನ ಅಕ್ಷರ ಅಷ್ಟು ದುಂಡಗಿಲ್ಲ. ಎಲ್ಲವನ್ನೂ ಗಮನಿಸುವವಳು ಎಂದು ಮಾಮ ನನ್ನನ್ನು ಹೊಗಳುತ್ತಾನೆ. ಅದನ್ನೂ ಗಮನಿಸಿದೆ. ಗಮನಿಸಿ, ಎಷ್ಟು ಚೆನ್ನಾಗಿ ಬರೆಯುತ್ತಾನೆ ಎಂದುಕೊಂಡೆ.

ಆ ದಿನ ಅವನಿಗೆ ರಜೆ. ಬೆಳಗಿನಿಂದ ಪಕ್ಕದಲ್ಲೇ ನಿಂತು ಒಂದೊಂದೇ ತೂಕ ಎತ್ತಿ ಹಿಡಿದ, ನಾನು ಗಂಟು ಹಾಕಿದೆ. ಗಂಟು ಹಾಕುವಾಗ ಅವನ ಬೆರಳ ಮೇಲೆ ನನ್ನ ಬೆರಳು ಬರದೆ ವಿಧಿಯಿಲ್ಲ. ಮೊದಲನೆಯ ಗಂಟಿಗೆ ಇಬ್ಬರೂ ಕ್ಷಮಿಸಿ ಎಂದೆವು. ನಾಲ್ಕನೆಯದಕ್ಕೆ ಯಾರೂ ಏನೂ ಹೇಳಲಿಲ್ಲ. ಕೆಳಗೆ ಯಾವುದೋ ಮಗು ಕಾರ್ನೆಟ್ಟಿನಲ್ಲಿ ಒಂದೇ ಸ್ವರವನ್ನು ಹತ್ತು ಸಲ ತಪ್ಪಾಗಿ ಊದಿತು.

“ನಿನ್ನ ಕೈ ಎಷ್ಟು ಸ್ಥಿರ,” ಎಂದ. “ಬಸ್ಸಲ್ಲಿ ಚಿಲ್ಲರೆ ಕೊಡುವಾಗ ನಡುಗುತ್ತೆ. ಇಲ್ಲಿ ನಡುಗಲ್ಲ.”

“ಇಲ್ಲಿ ಕೆಲಸ ಇದೆ.”

“ಅಲ್ಲೇನಿದೆ?”

ನಾನು ಗಂಟು ಬಿಗಿದೆ. ಅವನು ಟೀ ಮಾಡಲು, ಬೆಣ್ಣೆ ಸವರಿದ ಟೀಕೇಕ್ ತರಲು ಕೆಳಗೆ ಹೋದ. ಮುಚ್ಚಳ ನನ್ನ ತೊಡೆಯ ಮೇಲಿತ್ತು. ಬಡಗಿಯ ಚಪ್ಪಟೆ ಪೆನ್ಸಿಲ್ ಕಿವಿಯ ಮೇಲಿತ್ತು. ರೂಢಿಯಂತೆ ಬರೆದೆ. ‘೨೦೧೯, ಸೆಪ್ಟೆಂಬರ್. ಐವಿ ಓಲ್ಡ್‌ರಾಯ್ಡ್. ಹೊಸ ಹಗ್ಗ. ತೂಕ ಹಿಡಿದವನು ಸೆತ್ ಬ್ಯಾರಕ್ಲಫ್.’

ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಕೆಳಗೆ ಜಾಗವಿತ್ತು, ಓದುವವರು ಇನ್ನೂ ಹುಟ್ಟಿರಲಿಲ್ಲ, ಅಡುಗೆಮನೆಯಲ್ಲಿ ಅವನ ಸಿಳ್ಳೆ ಕೇಳುತ್ತಿತ್ತು. ಇನ್ನೂ ಎರಡು ಸಾಲು ಬರೆದೆ. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿದೊಡನೆ ಮುಚ್ಚಳ ಕೂರಿಸಿ ತಿರುಪು ಬಿಗಿದೆ.

ಕದ ಏರಿಸಿ, ಇಳಿಸಿ, ಒಮ್ಮೆ ನೋಡಿದೆ. ಕದಕ್ಕೆ ಹೊಸದಾಗಿ ಬಳಿದ ಹಸಿ ಬಣ್ಣದ ಅಂಟಿಗೆ ಎಲ್ಲಿ ಬಿಟ್ಟರೆ ಅಲ್ಲಿ ನಿಂತಿತು. ಮೂರು ಸಲ ನೋಡು ಎನ್ನುತ್ತಾನೆ ಮಾಮ. ನಾನು ಒಂದೇ ಸಲ ನೋಡಿ ಚಿಲಕ ಹಾಕಿದೆ. ಮನಸ್ಸು ಮುಚ್ಚಳದೊಳಗಿತ್ತು.

*

ಶನಿವಾರ ಹನ್ನೊಂದಕ್ಕೆ ಪ್ಲಾಸ್ಟಿಕ್ ಕಿಟಕಿಯವರು ಬಂದರು. ಪಿಕಲ್ಸ್ ಎಂದು ಹೆಸರು, ನಗುಮುಖದ ಗುಂಡನೆಯ ಮನುಷ್ಯ, ಕೈಯಲ್ಲಿ ಟೇಪು. ಮೇವಿಸ್ ಅವರನ್ನು ಮೆಟ್ಟಿಲ ಮೇಲೆ ಕೂರಿಸಿ ಟೀ ಕೊಟ್ಟು, ಮೊದಲು ಈ ಹುಡುಗಿಯ ಆಟ ನೋಡೋಣ ಎಂದರು. ಸೆತ್ ಕಟಾಂಜನಕ್ಕೆ ಒರಗಿ ನಿಂತಿದ್ದ. ನನ್ನತ್ತ ನೋಡಿ ಹುಬ್ಬು ಏರಿಸಿದ. ಬಸ್ಸಿನ ಕನ್ನಡಿಯಲ್ಲಿ ಕಾಣುವ ಅದೇ ಹುಬ್ಬು.

ಮೇವಿಸ್ ಮೋಂಬತ್ತಿ ಹಚ್ಚಿ ನಡುವಿನ ಪಟ್ಟಿಯ ಮುಂದೆ ಹಿಡಿದರು. ಜ್ವಾಲೆ ನೆಟ್ಟಗೆ ನಿಂತಿತು. ಅವರು ನನ್ನ ಮುಖ ನೋಡಿದರು. ಮೋಂಬತ್ತಿಯನ್ನು ಮೂಲೆ ಮೂಲೆಗೂ ಹಿಡಿದರು. ನೆಟ್ಟಗೇ ಇತ್ತು.

“ಹೂಂ,” ಎಂದರು.

ಚಿಲಕ ತೆಗೆದು, ಬಾಗಿದ ತೋರುಬೆರಳನ್ನು ಕೆಳಗಿನ ಹಿಡಿಗೆ ಇಟ್ಟರು.

ಕದ ಬೆರಳಿಗೂ ಕಾಯಲಿಲ್ಲ. ತಾನಾಗಿಯೇ ಏರಿ, ಮೇಲೆ ಹೋಗಿ ಢಣ್ ಎಂದು ಬಡಿಯಿತು. ಅದೇ ಹೊತ್ತಿಗೆ ಮೇಲಿನ ಕದ ನಾಲ್ಕು ಬೆರಳು ಕೆಳಗೆ ಜಾರಿತು. ಗುಡ್ಡದ ಗಾಳಿ ನುಗ್ಗಿ ಮೋಂಬತ್ತಿ ಆರಿತು. ಮೇವಿಸ್ ಕದವನ್ನು ಒತ್ತಿ ಕೂರಿಸಿ ಕೈ ಬಿಟ್ಟರು. ಅದು ನಿದ್ದೆಯಿಂದ ಏಳುವವರಂತೆ ಮೆಲ್ಲಗೆ ಮತ್ತೆ ಎದ್ದಿತು.

“ಮನೇಲಿ ದೆವ್ವ ಇದೆ ಅಂತ ಯಾರೂ ಹೇಳ್ಲಿಲ್ವಲ್ಲ,” ಎಂದರು ಪಿಕಲ್ಸ್. “ನಮ್ಮದರಲ್ಲಿ ಈ ತಾಪತ್ರಯ ಇಲ್ಲ ಚಿನ್ನ. ತೂಕಾನೇ ಇಲ್ಲ.”

ನಾನು ದೆವ್ವ ನೋಡುತ್ತಿರಲಿಲ್ಲ. ಮೇಲಿನದು ಇಳಿಯುತ್ತಿದೆ, ಕೆಳಗಿನದು ಏರುತ್ತಿದೆ. ಆಸೆಗಳು ಅದಲುಬದಲಾಗಿವೆ. ಅಂದರೆ ತೂಕಗಳು ಅದಲುಬದಲಾಗಿವೆ. ದುಂಡಗಿನ ಆ ಅಕ್ಷರಗಳು ಕಣ್ಣ ಮುಂದೆ ಬಂದವು. ಸೆತ್ ಕಡೆ ತಿರುಗಿದೆ. ಅವನ ಮುಖ ಸುಣ್ಣದಂತಾಗಿತ್ತು.

“ಬಣ್ಣ ಹೊಡೆದಾಗ ನನ್ನ ಗುರುತು ಅಳಿಸ್ತಾ?”

“ಅಳಿಸ್ತು,” ಎಂದ. “ನಾನೇ ಮತ್ತೆ ಬರೆದೆ. ಭಾರ ಇರೋದು ಕೆಳಗಿನದಕ್ಕೆ ಇರ್ಬೇಕು ಅಂದ್ಕೊಂಡೆ. ಕೇಳೋಕೆ ನಾಚಿಕೆ ಆಯ್ತು ಐವಿ. ನೀನು ನೋಡಿ ಅಷ್ಟು ಖುಷಿಯಾಗಿದ್ದೆ.”

ಪಿಕಲ್ಸ್ ಟೇಪು ಎಳೆದು ಮತ್ತೆ ಒಳಗೆ ಬಿಟ್ಟರು. ಅದರ ಸದ್ದು ಮೆಟ್ಟಿಲ ತುಂಬ ಕೇಳಿತು. ಮೇವಿಸ್ ಆರಿದ ಮೋಂಬತ್ತಿ ಹಿಡಿದು ನಿಂತಿದ್ದರು. ಮೂವತ್ತೊಂದು ಕಿಟಕಿಗಳೂ ಆ ಬತ್ತಿಯ ಹೊಗೆಯಂತೆ ನನ್ನ ಮುಂದೆಯೇ ಕರಗುತ್ತಿದ್ದವು.

“ಅರ್ಧ ಗಂಟೆ ಕೊಡಿ,” ಎಂದೆ. “ತೂಕ ಬದಲಾಯಿಸ್ಬೇಕು, ಅಷ್ಟೇ. ಕಿಟಕಿ ತಪ್ಪಲ್ಲ. ನಾನು ಮೂರು ಸಲ ನೋಡ್ಬೇಕಿತ್ತು, ಒಂದೇ ಸಲ ನೋಡಿದೆ. ಆ ತಪ್ಪು ನಂದು.”

ಹೇಳಿದ ಮೇಲೆ ಹೊಳೆಯಿತು. ತೂಕ ಬದಲಿಸಲು ಮುಚ್ಚಳ ತೆಗೆಯಬೇಕು.

ಮೇವಿಸ್ ಗಡಿಯಾರ ನೋಡಿ, ಆಯಿತು ಎಂದರು. ಆಮೇಲೆ ಕನ್ನಡಕ ಹುಡುಕುತ್ತ ಜೇಬು ತಡವಿದರು. ಮುಚ್ಚಳದಲ್ಲಿ ಕ್ಲಾರಾ ಹೆಸರಿದೆ, ಅವಳು ಬಾಗಿಲಿಂದಲೇ ಹೋಗಿರಬೇಕು ಎಂದು ಸೆತ್ ಮೂರು ದಿನದಿಂದ ಹೇಳುತ್ತಿದ್ದಾನೆ, ಹೇಗೂ ಬಿಚ್ಚುತ್ತೀಯಲ್ಲ, ನೋಡಿಬಿಡುತ್ತೇನೆ ಎಂದರು. ಕನ್ನಡಕ ಸಿಗಲಿಲ್ಲ. ಸೆತ್ ಓದಲು ಮುಂದೆ ಬಂದ.

ಎರಡು ದಾರಿಗಳಿದ್ದವು. ಕೈಲಾಗಲಿಲ್ಲ ಎಂದು ಚೀಲ ಹೊತ್ತು ಇಳಿದುಹೋಗುವುದು ಒಂದು. ಆಗ ನನ್ನ ಸಾಲುಗಳು ಕಿಟಕಿಯ ಜೊತೆ ತೊಟ್ಟಿಗೆ ಹೋಗುತ್ತವೆ, ಯಾರೂ ಓದುವುದಿಲ್ಲ. ನಾಚಿಕೆಯವಳಿಗೆ ಅದೇ ಸುಲಭ. ಬಗ್ಗಿ ಪೆಟ್ಟಿಗೆಯ ಮರವನ್ನು ಮುಟ್ಟಿದೆ. ನೂರ ನಲವತ್ತಾರು ವರ್ಷದ ಮರ, ಎಲ್ಲೂ ಹುಳು ಹಿಡಿದಿರಲಿಲ್ಲ. ಜೆ. ಲಂಬ್ ಮರಗಟ್ಟಿದ ಕೈಯಲ್ಲಿ ಕೂರಿಸಿದ್ದು.

ತಿರುಪು ಬಿಚ್ಚಿದೆ. ಮುಚ್ಚಳ ಕೈಗೆ ಬಂತು. ಸೆತ್ ಕೈ ಚಾಚಿದ.

“ಬೇಡ,” ಎಂದೆ. “ನಾನೇ ಓದ್ತೀನಿ.”

ಶಾಲೆಯಲ್ಲಿ ಗಟ್ಟಿಯಾಗಿ ಓದು ಎಂದರೆ ಬೆಂಚಿನ ಕೆಳಗೆ ಹೋಗುತ್ತಿದ್ದವಳು ನಾನು. ಈಗ ಮೆಟ್ಟಿಲ ಮೇಲೆ ನೆಟ್ಟಗೆ ನಿಂತೆ. ಜೆ. ಲಂಬ್‌ನ ಸಾಲು ಓದಿದೆ. ಟಿ. ಲಂಬ್‌ನ ಸಾಲು ಓದಿದೆ. ಮಿಸ್ ಕ್ಲಾರಾ ಎಂಬಲ್ಲಿ ಮೇವಿಸ್ ಕಟಾಂಜನ ಹಿಡಿದುಕೊಂಡರು. ಬಾಗಿಲಿಂದ ಹೋದಳೋ ಮಹರಾಯ್ತಿ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಅಲ್ಲಿಗೆ ಮುಗಿಸಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾನು ನಿಲ್ಲಿಸಲಿಲ್ಲ.

“೨೦೧೯, ಸೆಪ್ಟೆಂಬರ್. ಐವಿ ಓಲ್ಡ್‌ರಾಯ್ಡ್. ಹೊಸ ಹಗ್ಗ. ತೂಕ ಹಿಡಿದವನು ಸೆತ್ ಬ್ಯಾರಕ್ಲಫ್. ಅವನೆಂದರೆ ನನಗೆ ಪ್ರಾಣ, ಎರಡು ವರ್ಷದಿಂದ. ಬಾಯಿಬಿಟ್ಟು ಹೇಳಿಲ್ಲ, ಅದಕ್ಕೇ ಇಲ್ಲಿ ಬರೆದಿದ್ದೇನೆ.”

ನನ್ನ ದನಿ ನನಗೇ ಹೊಸದಾಗಿ ಕೇಳಿತು. ಅದು ನಡುಗಿರಲಿಲ್ಲ. ಪಿಕಲ್ಸ್ ಟೀ ಕಪ್ಪನ್ನು ಸದ್ದಾಗದಂತೆ ಮೆಟ್ಟಿಲ ಮೇಲಿಟ್ಟು, ಅಟ್ಟದ ಕಡೆ ಬಹಳ ಆಸಕ್ತಿಯಿಂದ ನೋಡತೊಡಗಿದರು.

ಸೆತ್ ಚಾಚಿದ ಕೈಯನ್ನು ಅಂಗಿಗೆ ಒರೆಸಿಕೊಂಡ. ಹದಿನೈದು ಜನರೆದುರು ಬ್ಯಾಂಡ್ ಕೋಲು ಆಡಿಸಿ ಕಥೆ ಹೇಳುವವನು, ಬಸ್ಸಿನ ಮೈಕಿನಲ್ಲಿ ಜೋಕು ಹೊಡೆಯುವವನು.

“ಬಸ್ಸಲ್ಲಿ ಹತ್ತಿದೋರಿಗೆಲ್ಲ ಒಂದು ಮಾತು ಹೇಳ್ತೀನಲ್ಲ,” ಎಂದ ಕೊನೆಗೆ. “ಅದನ್ನೇ ನಿಂಗೂ ಹೇಳೋಕೆ ಮನಸ್ಸು ಬರ್ಲಿಲ್ಲ. ಅಷ್ಟು ಅಗ್ಗದ್ದು ನಿಂಗೆ ಬೇಡ ಅಂತ. ಬೇರೆ ಏನು ಹೇಳೋದು ಅಂತ ಎರಡು ವರ್ಷ ಯೋಚಿಸ್ತಾ, ಬರೀ ಟಿಕೆಟ್ ಕೊಟ್ಟೆ.”

“ನನ್ನ ಕಂಡ್ರೆ ನಿಂಗಾಗಲ್ಲ ಅಂದ್ಕೊಂಡಿದ್ದೆ.”

“ಏಳು ಇಪ್ಪತ್ತರ ಪಾಳಿ ಯಾರಿಗೂ ಬೇಡ ಐವಿ. ಕೇಳಿ ಹಾಕಿಸ್ಕೊಂಡೋನು ನಾನು.”

ಅವನು ಒಂದು ಮೆಟ್ಟಿಲು ಇಳಿದು ಹತ್ತಿರ ಬಂದ. ಕೆಂಪು ನಕ್ಷತ್ರ ಅವನ ಅಂಗಿಯ ಮೇಲೆ ಬಿತ್ತು. ನನಗೂ ಅಲ್ಲೇ ನಿಲ್ಲುವ ಆಸೆಯಿತ್ತು. ಆದರೆ ಅರ್ಧ ಗಂಟೆಯಲ್ಲಿ ಏಳು ನಿಮಿಷ ಹೋಗಿತ್ತು.

“ಮೊದಲು ತೂಕ ಹಿಡಿ,” ಎಂದೆ.

“ಅದು ಸರಿ,” ಎಂದರು ಮೇವಿಸ್. “ಥೇಟ್ ಆ ಲಂಬ್ ಬಡಗಿಗಳ ಬುದ್ಧಿ.”

ಅವನು ಹಿಡಿದ. ನಾಲ್ಕು ಗಂಟು ಬಿಚ್ಚಿ, ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕಟ್ಟಿದೆ. ಈ ಸಲ ಅವನ ಬೆರಳುಗಳು ನನ್ನವು ಬಂದಾಗ ಪಕ್ಕಕ್ಕೆ ಸರಿಯಲಿಲ್ಲ. ಅಂಚಿನ ಪಟ್ಟಿ ಬಡಿದೆ. ಕದವನ್ನು ಒಮ್ಮೆ ಏರಿಸಿ ಇಳಿಸಿದೆ. ಎರಡನೇ ಸಲ. ಮೂರನೇ ಸಲ. ನಡುವಿನ ಎರಡು ಪಟ್ಟಿಗಳು ಒಂದಕ್ಕೊಂದು ಬಂದು ಕೂಡಿ, ಮೆತ್ತಗೆ ಟಪ್ ಎಂದವು.

ಮುಚ್ಚಳ ಹಾಕುವ ಮುಂಚೆ ಸೆತ್ ನನ್ನ ಕಿವಿಯ ಮೇಲಿಂದ ಪೆನ್ಸಿಲ್ ತೆಗೆದುಕೊಂಡ. ಗೋಡೆಗೆ ತಿರುಗಿ, ಮುಚ್ಚಳವನ್ನು ಮೊಣಕಾಲ ಮೇಲಿಟ್ಟು, ನನ್ನ ಸಾಲಿನ ಕೆಳಗೆ ಬರೆದ. ಬಹಳ ಹೊತ್ತು ಬರೆದ. ಕೊಟ್ಟಾಗ ಅವನ ಕಿವಿ ಗಾಜಿಗಿಂತ ಕೆಂಪಾಗಿತ್ತು. ನಾನು ಮನಸ್ಸಿನಲ್ಲೇ ಓದಿದೆ. ಇನ್ನೊಮ್ಮೆ ಓದಿದೆ.

ಅವಳದ್ದು ಕೇಳಿದೆವು, ಇವನದ್ದೂ ಓದು, ನ್ಯಾಯ ಅಂದ್ರೆ ನ್ಯಾಯ ಎಂದರು ಮೇವಿಸ್.

ನಾನು ಮುಚ್ಚಳ ಕೂರಿಸಿ ತಿರುಪು ಬಿಗಿದೆ. “ಇದು ಮುಂದೆ ಹಗ್ಗ ಬದಲಾಯಿಸೋರಿಗೆ,” ಎಂದೆ.

ಮೇವಿಸ್ ಮೋಂಬತ್ತಿ ಮತ್ತೆ ಹಚ್ಚಿದರು. ಜ್ವಾಲೆ ಅಲ್ಲಾಡಲಿಲ್ಲ. ಚಿಲಕ ತೆಗೆದರು. ಕದ ಅವರಿಗಾಗಿ ಕಾದು ನಿಂತಿತ್ತು. ನೇರವಾಗದ ಆ ಬೆರಳನ್ನು ಹಿಡಿಗೆ ಸಿಕ್ಕಿಸಿ ಮೆಲ್ಲಗೆ ಎತ್ತಿದರು. ಅದು ಸದ್ದಿಲ್ಲದೆ ಏರಿತು. ಅವರು ಬೆರಳು ತೆಗೆದ ಕಡೆ ನಿಂತಿತು. ಹೊರಗಿನ ಗಾಳಿಯಲ್ಲಿ ಕಣಿವೆಯ ಹುಲ್ಲಿನ ವಾಸನೆ, ಎಲ್ಲೋ ಗೇರು ಬದಲಿಸಿ ಗುಡ್ಡ ಹತ್ತುವ ಬಸ್ಸಿನ ಸದ್ದು. ಅವರು ಕಿಟಕಿಯ ಹೊರಗೆ ತಲೆ ಹಾಕಿ ಬಹಳ ಹೊತ್ತು ನಿಂತರು. ಈ ಮನೆಯಲ್ಲೇ ಹುಟ್ಟಿದ ಅವರಿಗೆ, ಗಾಜು ಅಡ್ಡವಿಲ್ಲದೆ ಇಲ್ಲಿಂದ ತೋಟ ಹೇಗೆ ಕಾಣುತ್ತದೆಂದು ಗೊತ್ತಿರಲಿಲ್ಲ.

“ಪಿಕಲ್ಸ್,” ಎಂದರು, ತಲೆ ಒಳಗೆ ತರದೆಯೇ. “ಟೀ ಕುಡಿದು ಹೊರಡಿ. ಟೇಪು ಮಡಚ್ಕೊಳಿ.”

ಪಿಕಲ್ಸ್ ಬೇಸರ ಮಾಡಿಕೊಳ್ಳಲಿಲ್ಲ. ಹೋಗುವಾಗ ಕಿಟಕಿಯನ್ನು ತಾವೂ ಒಂದು ಬೆರಳಲ್ಲಿ ಎತ್ತಿ ನೋಡಿ, ಟೋಪಿ ಮುಟ್ಟಿ ಇಳಿದರು.

ನಾನು ಉಳಿ, ಸುತ್ತಿಗೆ ಒರೆಸಿ ಚೀಲಕ್ಕೆ ಹಾಕತೊಡಗಿದೆ. ಸೆತ್ ಪಕ್ಕದಲ್ಲಿ ಕೂತ. ಇನ್ನು ಎಷ್ಟಿವೆ ಎಂದು ಕೇಳಿದ, ಗೊತ್ತಿದ್ದೂ.

“ಮೂವತ್ತು.”

“ಒಂದಕ್ಕೊಂದು ವಾರ.”

“ನೀನು ಬಣ್ಣ ಹೊಡೀದಿದ್ರೆ.”

ಅವನು ನಕ್ಕು, ಚೀಲದಿಂದ ಸೀಮೆಸುಣ್ಣದ ತುಂಡು ತೆಗೆದು ನನ್ನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಚ್ಚಿದ. ಇನ್ನು ಮುಂದೆ ಗುರುತು ಹಾಕುವವಳು ನಾನೊಬ್ಬಳೇ, ಹಿಡಿಯುವುದಷ್ಟೇ ತನ್ನ ಕೆಲಸ ಎಂದ. ಮುಚ್ಚಿದ ಕೈಯನ್ನು ಬಿಡಲಿಲ್ಲ. ನಾನೂ ಎಳೆದುಕೊಳ್ಳಲಿಲ್ಲ. ನಾವಿಬ್ಬರೂ ಮೆಟ್ಟಿಲು ಇಳಿದು, ಹಾಡುಹಗಲಲ್ಲಿ, ಮುಂಬಾಗಿಲಿಂದಲೇ ಹೊರಟೆವು.